ಪೂರ್ತಿ ವಿಡಿಯೋ

ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ಉಮದಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸರದಾರನ ಗಾದಿ ಅಂಗಡಿ. ಬೆಳಗ್ಗೆ ಎಂಟಕ್ಕೆ ಹತ್ತಿ ಹಿಂಜುವ ಮಷೀನು ಶುರುವಾಯಿತೆಂದರೆ ಓಣಿಯ ಮಂದಿ ಗಡಿಯಾರ ನೋಡುವ ಕೆಲಸವಿಲ್ಲ. ಅವತ್ತೂ ಮಷೀನು ಓಡುತ್ತಿತ್ತು. ಅವನ ಮಗಳು ಫರೀನ ಹೊಲಿದಿಟ್ಟ ಗಾದಿಗಳ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿ, ಅದರ ಮೇಲೆ ಹತ್ತಿಯ ಎಳೆಯೊಂದು ಬಂದು ಕೂತಿತ್ತು.

"ಚಾಯ್ ಪೀ ಬೇಟಾ, ಥಂಡಾ ಹೋಗಯಾ," ಎಂದು ತಾಯಿ ರಹಿಮಾ ಎರಡು ಸಲ ಹೇಳಿ ಹೋಗಿದ್ದಳು.

ಮೂರು ವರ್ಷದ ಹಿಂದೆ ಫರೀನ ಸಂತೆಯಲ್ಲಿ ಚೌಕಾಸಿ ಮಾಡುವ ಹೆಂಗಸರ ಅಣಕು ಮಾಡಿ ರೀಲ್ಸ್ ಹಾಕುತ್ತಿದ್ದಳು. ಒಂದೇ ಉಸಿರಿನಲ್ಲಿ ಕನ್ನಡ, ದಖ್ಖನಿ, ಮರಾಠಿ. ವಿಜಯಪುರದಿಂದ ಸಾಂಗ್ಲಿಯವರೆಗೆ ಮಂದಿ ಹೊಟ್ಟೆ ಹಿಡಿದು ನಕ್ಕರು. ಒಮ್ಮೆ ಹಾಳಾದ ರಸ್ತೆಯ ವಿಡಿಯೋ ಹಾಕಿದಳು, ಹದಿನೈದು ದಿನಕ್ಕೆ ಡಾಂಬರು ಬಿತ್ತು. ಅಲ್ಲಿಂದ ಮುಂದೆ ನಗಿಸುವ ಹುಡುಗಿ ಹೋಗಿ 'ಫರೀನ ಮ್ಯಾಡಂ' ಆದಳು. ಈಗಿನ ಹೋರಾಟ ಗಡಿಭಾಗದ ಕನ್ನಡ ಶಾಲೆಗಳದ್ದು: ಕನ್ನಡವೇ ಬಾರದ ಶಿಕ್ಷಕರು ಕನ್ನಡ ಶಾಲೆಗೆ ಬರುತ್ತಿದ್ದಾರೆ ಎಂಬುದು.

ಅದಕ್ಕಾಗಿ ಹೊಲಗಳ ನಡುವಿನ ಒಂದು ವಸ್ತಿ ಶಾಲೆಗೆ ಹೋಗಿದ್ದಳು. ಅಲ್ಲಿಯ ಶಿಕ್ಷಕರು, ಸಾತಾರಾ ಕಡೆಯ ಮರಾಠಿ ಮಾತಿನ ಜಗದಾಳೆ ಗುರೂಜಿ, ತಾವೇ ಕುರ್ಚಿ ತಂದು ಹಾಕಿ ಕೂರಿಸಿದ್ದರು. ಅವರು ಹಲಗೆಯ ಮೇಲಿನ 'ಅಜ್ಜನ ಬಾಯಿಯಲ್ಲಿ ಹಲ್ಲಿಲ್ಲ' ಎಂಬುದನ್ನು 'ಅಜ್ಜನ ಬಾಯಿಯಲ್ಲಿ ಹಾಲಿಲ್ಲ' ಎಂದು ಓದಿದರು. ಮಕ್ಕಳು ಗೊಳ್ಳೆಂದು ನಕ್ಕವು. ಇಪ್ಪತ್ತೆರಡು ಸೆಕೆಂಡು, ಅಷ್ಟೇ. 'ಇವರು ನಮ್ಮ ಮಕ್ಕಳಿಗೆ ಕನ್ನಡ ಕಲಿಸ್ತಾರಂತ!' ಎಂದು ಕೆಳಗೆ ಬರೆದು ಹಾಕಿದಳು. ಹನ್ನೊಂದು ಲಕ್ಷ ಜನ ನೋಡಿದರು. ಎಂಟು ದಿನದಲ್ಲಿ ಗುರೂಜಿಯನ್ನು ಶಾಲೆಯಿಂದ ತೆಗೆದು ಚೌಕಶಿ ಹಚ್ಚಿದರು, ವಿಚಾರಣೆ ನಡೆದಿತ್ತು. ನಾಳೆ ಜತ್ತದ ಶಿಕ್ಷಣ ಕಚೇರಿಯಲ್ಲಿ ಫರೀನಳ ಜಬಾನಿ ಹೇಳಿಕೆ. ಅವಳು 'ವಿಡಿಯೋ ಖರೆ' ಎಂದು ಸಹಿ ಹಾಕಿದರೆ ಅವರ ನೌಕರಿ ಹೋಗುವುದು ಹೆಚ್ಚು ಕಡಿಮೆ ಖಾತ್ರಿ.

ಮೊದಲ ದಿನ ಎಣಿಕೆ ಏರುವುದನ್ನು ನೋಡಿ ಕುಣಿದಿದ್ದಳು. ಈಗ ಏನೂ ಆಗುತ್ತಿರಲಿಲ್ಲ. ಹೊಗಳಿದವರನ್ನೂ ಬೈದವರನ್ನೂ ಹೆಬ್ಬೆರಳು ಒಂದೇ ಸಮನೆ ಮೇಲಕ್ಕೆ ದೂಡುತ್ತಿತ್ತು. ಜೋಮು ಹಿಡಿದ ಕಾಲಿನಂತೆ ಮನಸ್ಸು ತನ್ನದೋ ಅಲ್ಲವೋ ತಿಳಿಯದಂತಾಗಿತ್ತು.

ಅಷ್ಟರಲ್ಲಿ ಅದೇ ವಸ್ತಿಯ ಒಕ್ಕಲುತನದ ಮನೆಯ ರುಕ್ಮವ್ವ ಹಳೇ ಗಾದಿ ಹೊತ್ತು ಬಂದಳು, ಜೊತೆಗೆ ಆ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದುವ ಮೊಮ್ಮಗಳು ಉಮಾಶ್ರೀ.

"ನೋಡೋ ಸರದಾರಾ, ಇದರ ಮ್ಯಾಲ ಮಲಗಿದ್ರ ನೆಲದ ಮ್ಯಾಲ ಮಲಗಿದಂಗ ಆಗ್ತೈತಿ ಅಂತಾನ ನಮ್ಮ ಮುದುಕ. ಗಾದಿ ಅಲ್ಲ, ನಿನ್ನ ಎಲುಬು ಸವದಾವ ಅಂದೆ ನಾ."

"ಗಾದಿಗಿ ಹತ್ತಿ ತುಂಬಬಹುದು ಆಯಿ," ಸರದಾರ ಮಷೀನು ನಿಲ್ಲಿಸಿ ನಕ್ಕ. "ಎಲುಬಿಗಿ ತುಂಬಾಕ ನಮಗ ಬರಂಗಿಲ್ಲ."

ರುಕ್ಮವ್ವನ ಕಣ್ಣು ಫರೀನಳ ಮೇಲೆ ಬಿತ್ತು. "ಫೋನಿನಾಗ ಬರಾಕಿ ನೀನ ಅಲ್ಲೇನವಾ? ಸಾಲಿಗಿ ಮಾಸ್ತರನ್ನ ತರಸ್ತೀನಿ ಅಂದಿ, ಇದ್ದಾವನೂ ಹೊಂಟ ಹೋದ. ಉಳಿದ ಒಬ್ಬ ಟೀಚರ ಬಾಯಾರು ಸಣ್ಣವರನ್ನ ಹಿಡಕೊಂಡ ಕುಂತಾರ. ಇವು ದೊಡ್ಡವು ಕಟ್ಟಿ ಮ್ಯಾಲ ಗಜಗ ಆಡ್ತಾವ. ಅದಕ್ಕ ಕರಕೊಂಡ ಬಂದೆ."

"ಆಯಿ, ಕನ್ನಡ ಬರದವರು ಕನ್ನಡ ಸಾಲ್ಯಾಗ ಇರಬಾರದ್ರಿ. ಮಕ್ಕಳ ಹಕ್ಕದು." ನೂರು ಸಲ ಹೇಳಿದ ಮಾತು ತಾನಾಗಿಯೇ ಬಂತು.

"ಇರಬಾರದು. ಯಾರು ಇರ್ಲಿ ಅಂದ್ರು? ಖರೆ, ಆ ಮನಷ್ಯಾ ಕಲಿಯಾಕ ಹತ್ತಿದ್ದ. ನಮ್ಮನಿ ಮುಂದ ಹಾದ ಹೋಗೂವಾಗ ನಿಂತು, 'ಆಯಿ, ಇದಕ್ಕೇನಂತೀರಿ, ಅದಕ್ಕೇನಂತೀರಿ' ಅಂತ ಕೇಳಾಂವ. ಕುರುಪಿ, ಸಲಕಿ, ಹೊಲದ ಸಾಮಾನಿನ ಹೆಸರೆಲ್ಲಾ ಬರಕೊಂಡ ಹೋಗಾಂವ."

ಉಮಾಶ್ರೀ ಇಷ್ಟು ಹೊತ್ತು ಫರೀನಳನ್ನೇ ದಿಟ್ಟಿಸುತ್ತಿದ್ದಳು. "ಅಕ್ಕಾ, ನಂದು ಯಾಕ ಹಾಕಲಿಲ್ಲ?"

"ಏನು ನಿಂದು?"

"ನಾ ಎದ್ದ ನಿಂತು, 'ಗುರೂಜಿ, ಹಾಲಲ್ರಿ, ಹಲ್ಲು' ಅಂದ್ನೆಲ್ಲಾ! ಶಾಬಾಸ್ ಅಂದ್ರಲ್ಲಾ ನನಗ! ನನ್ನ ಮಾರಿ ಬರ್ತೈತಿ ಅಂತ ವಸ್ತಿ ಮಂದಿಗೆಲ್ಲಾ ಹೇಳಿ ಕುಂತಿದ್ದೆ. ಬರಲೇ ಇಲ್ಲ."

ರುಕ್ಮವ್ವ ಮೊಮ್ಮಗಳ ತಲೆಗೆ ಮೊಟಕಿದಳು. "ಇದಕ್ಕ ತನ್ನ ಮಾರೀದೇ ಚಿಂತಿ."

ಫರೀನ ಎದ್ದು ಒಳಗೆ ಹೋದಳು. ಪೂರ್ತಿ ವಿಡಿಯೋ ಫೋನಿನಲ್ಲೇ ಇತ್ತು, ನಾಲ್ಕು ನಿಮಿಷದ್ದು. ಮಕ್ಕಳ ನಗು ನಿಂತ ಮೇಲೆ ಉಮಾಶ್ರೀ ಎದ್ದು ತಿದ್ದುತ್ತಾಳೆ. ಗುರೂಜಿ ತಮ್ಮ ಮುಂದಿನ ಹಲ್ಲು ತಟ್ಟಿ ತೋರಿಸಿ "ಹಲ್ಲು?" ಎನ್ನುತ್ತಾರೆ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ, "ಮರಾಠಿಯಾಗ ಜೋಡಕ್ಷರ ಬಾಜೂಕ ಕುಂದರ್ತಾವ ಮ್ಯಾಡಂ, ನಿಮ್ಮಾಗ ಕೆಳಗ ಜೋತ ಬೀಳ್ತಾವ. ನನಗ ಕಾಣಿಸೂದೇ ಇಲ್ಲ," ಎಂದು ನಗುತ್ತಾರೆ. ತಾವು ಕನ್ನಡ ಬರೆದು ಕಲಿಯುವ ಕಾಪಿ ಪುಸ್ತಕವನ್ನು ಉಮಾಶ್ರೀಗೆ ಕೊಡುತ್ತಾರೆ. ಅವಳು ಗತ್ತಿನಿಂದ ಸರಿ ಎಂಬ ಬರೋಬರಿ ಗುರುತು ಹಾಕುತ್ತಾಳೆ. "ಭಾಳ ಚಲೋ ಗುರೂಜಿ," ಎಂಬ ಒಂದು ದನಿ ಕೇಳುತ್ತದೆ. ಅದು ಫರೀನಳದೇ ದನಿ. ವಾಪಸ್ಸು ಬರುವ ಬಸ್ಸಿನಲ್ಲೇ ಇದನ್ನೆಲ್ಲ ಕತ್ತರಿಸಿ ಹಾಕಿದ್ದಳು.

ಎರಡು ಸಲ ನೋಡಿದಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಮರುದಿನ ಜತ್ತದ ಬಸ್ಸಿನಲ್ಲಿ ಕಾಕಾನ ಮಗ ಅಮಜದ ಜೊತೆಗಿದ್ದ. ಅವಳ ಪೇಜು ನೋಡಿಕೊಳ್ಳುವವನು ಅವನೇ. ಕತ್ತರಿಸಿದ್ದನ್ನು ಕಚೇರಿಯಲ್ಲಿ ಹೇಳಿಬಿಡುತ್ತೇನೆಂದು ಅವಳಂದದ್ದು ಕೇಳಿ ಅವನ ಮುಖ ಕಪ್ಪಿಟ್ಟಿತು.

"ಹುಚ್ಚ ಹಿಡದೈತೇನ ನಿನಗ? ಕತ್ತರಿಸೀನಿ ಅಂದ್ರ ಮುಗೀತು. ಮುಂದ ಖರೆ ಹೇಳಿದ್ರೂ ಯಾರೂ ನಂಬಂಗಿಲ್ಲ. ಕನ್ನಡ ಸಾಲಿ ಮಾತು ಸುಳ್ಳೇನು?"

"ಸುಳ್ಳಲ್ಲ."

"ಮತ್ತ? ಒಬ್ಬನ ಸಲುವಾಗಿ ಅಷ್ಟೂ ಹುಡುಗರದು ಕೆಡಸ್ತಿ?"

ಅವನು ಹೇಳಿದ್ದರಲ್ಲಿ ಅರ್ಧ ಸರಿಯಾಗಿಯೇ ಇತ್ತು. ಕಿಟಕಿಯಾಚೆ ದ್ರಾಕ್ಷಿ ತೋಟದ ಕಂಬಗಳು ಒಂದರ ಹಿಂದೊಂದು ಸರಿಯುವುದನ್ನು ಫರೀನ ನೋಡಿದಳು. ಜತ್ತದಲ್ಲಿ ಇಳಿದವನೇ ಅಮಜದ ಸಿಟ್ಟಿನಿಂದ ಚಹಾದ ಅಂಗಡಿಗೆ ಹೋಗಿ ಕೂತ. ಅವಳೊಬ್ಬಳೇ ಕಚೇರಿಯ ಮೆಟ್ಟಿಲು ಹತ್ತಿದಳು.

ಕೋಣೆಯ ಮೂಲೆಯ ಬಾಕಿನ ಮೇಲೆ ಜಗದಾಳೆ ಗುರೂಜಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಚೀಲ. ಅವಳನ್ನು ಕಂಡು ಅಭ್ಯಾಸಬಲದಿಂದ ಅರ್ಧ ಎದ್ದವರು ಮತ್ತೆ ಕೂತರು. ಚೌಕಶಿಯ ಸಾಹೇಬರು 'ವಿಡಿಯೋ ಖರೆ' ಎಂದು ಮರಾಠಿಯಲ್ಲಿ ಟೈಪಾದ ಹಾಳೆಯೊಂದನ್ನು ಅವಳ ಮುಂದೆ ಸರಿಸಿ, ಸಹಿಯ ಜಾಗ ತೋರಿಸಿದರು.

"ಸಾಹೇಬ, ಕೋರಾ ಕಾಗದ್ ದ್ಯಾ," ಎಂದು ಫರೀನ ಖಾಲಿ ಹಾಳೆ ಕೇಳಿದಳು.

ಮರಾಠಿ ಅವಳ ನಾಲಗೆಗೆ ಸಲೀಸು. ಬರೆಯಲು ಕೂತರೆ ಮಾತ್ರ ಕೈಗೆ ಬರುವುದು ಕನ್ನಡವೇ, ಕಲಿತದ್ದು ಕನ್ನಡ ಶಾಲೆಯಲ್ಲಿ. ಬರೆದು, ಸಹಿ ಮಾಡಿ, ಪೂರ್ತಿ ವಿಡಿಯೋ ಇದ್ದ ಫೋನನ್ನು ಹಾಳೆಯ ಮೇಲಿಟ್ಟು ಕೊಟ್ಟಳು.

ಸಾಹೇಬರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಹೇ ಕಾಯ್? ಕಾನಡೀ?" ಇದೇನು, ಕನ್ನಡವೇ ಎಂದು ಕೇಳಿದರು. ಕನ್ನಡ ಬಲ್ಲ ಕಾರಕೂನ ಕಲ್ಮೇಶ ಅವತ್ತು ರಜೆಯ ಮೇಲಿದ್ದ. ಬರೆದವಳೇ ಓದಿ ಹೇಳುವುದು ಕಾಯಿದೆಗೆ ಹೊಂದುವುದಿಲ್ಲವೆಂದು ಸಾಹೇಬರು ತಲೆಯಾಡಿಸಿದರು. ಯಾರು ಓದಬೇಕು?

ಮೂಲೆಯಲ್ಲಿ ಒಂದು ಕೈ ಮೇಲೆದ್ದಿತು, ತರಗತಿಯಲ್ಲಿ ಹುಡುಗರು ಎತ್ತುವ ಹಾಗೆ. "ಮೀ ವಾಚತೋ, ಸಾಹೇಬ," ತಾವು ಓದುವುದಾಗಿ ಹೇಳಿದರು ಗುರೂಜಿ.

"ತುಮ್ಹೀ?" ಸಾಹೇಬರು ದಂಗಾಗಿ ನೋಡಿದರು. ಇವರಿಗೆ ಓದಲು ಬರುವುದಿಲ್ಲವೆಂಬುದೇ ಕೇಸು. ಕಡೆಗೆ ನಕ್ಕು, ಹಾಳೆ ಕೊಟ್ಟರು.

ಗುರೂಜಿ ಸಾಲಿನ ಕೆಳಗೆ ಬೆರಳಿಟ್ಟರು. ಒಂದೊಂದು ಪದಕ್ಕೂ ನಿಂತು, ಉಸಿರು ತೆಗೆದುಕೊಂಡು ಓದಿದರು.

"ಗುರೂಜಿಯವರು... ತಪ್ಪು ಓದಿದ್ದು ಖರೆ. ತಿದ್ದಿಕೊಂಡಿದ್ದೂ... ಖರೆ. ಅದನ್ನು... ಕತ್ತರಿಸಿದವಳು... ನಾನು. ನಮ್ಮ ಮಕ್ಕಳಿಗೆ... ಕನ್ನಡ ಬಲ್ಲ ಶಿಕ್ಷಕರು ಬೇಕು ಎಂಬುದನ್ನು... ನಾನು ಬಿಡುವುದಿಲ್ಲ. ಅದಕ್ಕಾಗಿ... ಇವರ ಅನ್ನ... ಕಸಿಯುವುದಿಲ್ಲ."

ಬರೆಯುವಾಗ ಎರಡೇ ನಿಮಿಷದ ಮಾತು. ಅವರ ಬಾಯಲ್ಲಿ ಅದು ಮುಗಿಯುತ್ತಲೇ ಇರಲಿಲ್ಲ. ಫರೀನ ದುಪಟ್ಟಾದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೆರಳು ನೋಯತೊಡಗಿದಾಗಲೇ ಅದು ಅವಳ ಗಮನಕ್ಕೆ ಬಂದದ್ದು.

"ಕಾಯ್ ಲಿಹಿಲಂಯ್?" ಏನು ಬರೆದಿದ್ದಾಳೆಂದು ಸಾಹೇಬರು ಕೇಳಿದರು.

ಗುರೂಜಿ ಕೂಡಲೇ ಮರಾಠಿಗೆ ತಿರುಗಲಿಲ್ಲ. ಹಾಳೆಯನ್ನು ಮಡಿಲಿಗಿಳಿಸಿ, ಅವಳ ಕಡೆ ನೋಡಿ, ತಮ್ಮ ಮುರುಕು ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ಮ್ಯಾಡಂ, ಸಾಹೇಬರಿಗಿ ಇನ್ನಾ ತಿಳದಿಲ್ಲ. ಹೇಳಿದ್ರ ನಿಮಗ ತ್ರಾಸ ಆಗ್ತೈತಿ. ಹೇಳಲೇನ್ರಿ?"

"ಹೇಳ್ರಿ ಗುರೂಜಿ," ಅಂದಳು ಫರೀನ. "ಒಂದೂ ಬಿಡಬ್ಯಾಡ್ರಿ."