ಕೈತುಂಬ ಸಂಬಳದ ಹುಡುಗಿ

ಬಸ್ಸಿಳಿದು ರಸ್ತೆ ದಾಟುವಾಗ ಚೂಟಿ ತನ್ನನ್ನೇ ತಾನು ಕಂಡಳು. ಓದಿದ ಕಾಲೇಜಿನ ಗೇಟಿನ ಮೇಲೆ, ಆಳೆತ್ತರದ ಬೋರ್ಡಿನಲ್ಲಿ, ಬಿಳಿ ಕೋಟು ತೊಟ್ಟು, ಮೈಕ್ರೋಸ್ಕೋಪಿನ ಪಕ್ಕ ನಿಂತು ಹಲ್ಲು ಬಿಡುತ್ತಿದ್ದಳು. ಕೊನೆಯ ವರ್ಷ ಫೋಟೋದವನು "ಸ್ವಲ್ಪ ನಗಮ್ಮ" ಅಂದದ್ದಕ್ಕೆ ನಕ್ಕ ನಗು. ಕೆಳಗೆ ದಪ್ಪಕ್ಷರದಲ್ಲಿ: 'ವೈದ್ಯಕೀಯ ಪ್ರಯೋಗಾಲಯ ಪದವಿ. ಮೊದಲ ತಿಂಗಳಿಂದಲೇ ಕೈತುಂಬ ಸಂಬಳ!'

ಮನೆಗೆ ಬಂದು ಹೇಳಿದಾಗ ಅಪ್ಪ ಬಚ್ಚಲಲ್ಲಿ ಕೈಯ ಗ್ರೀಸು ಉಜ್ಜುತ್ತಿದ್ದರು. ಅವರದು ಸ್ಕೂಟರ್ ರಿಪೇರಿಯ ಕೆಲಸ. ಕೇಳಿ ನಕ್ಕುಬಿಟ್ಟರು.

"ಸುಳ್ಳೇನಲ್ಲ ಬಿಡು. ಯಾರ ಕೈ ಅಂತ ಬರ್ದಿಲ್ವಲ್ಲ. ಬ್ಯಾಂಕಿನೋರ ಕೈ ತುಂಬ್ತಾನೇ ಇದೆ."

ಚೂಟಿಗೂ ನಗು ಬಂತು. ಆಮೇಲೆ ಸಿಟ್ಟು ಏರಿತು. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಕಾಲು ಬಾತುಕೊಳ್ಳುವಷ್ಟು ಹೊತ್ತು ನಿಂತು ದುಡಿದ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಓದಿನ ಸಾಲದ ಕಂತಿಗೇ ಹೋಗುತ್ತಿತ್ತು. ಚಪ್ಪಲಿ ಕಿತ್ತರೆ ಹೊಸದಕ್ಕೆ ಮುಂದಿನ ತಿಂಗಳ ದಾರಿ ಕಾಯಬೇಕು.

ಕಾಲೇಜಿನ ಕಾರ್ಯದರ್ಶಿಗೆ ಫೋನು ಮಾಡಿದಳು. "ಸಾರ್, ಬೋರ್ಡಿಂದ ನನ್ನ ಮುಖ ತೆಗೆಸಿ."

"ಅಯ್ಯೋ, ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋತಾರಾ? ನೀನು ನಮ್ಮನೆ ಮಗಳಿದ್ದ ಹಾಗೆ. ಭಾನುವಾರ ಹೊಸದಾಗಿ ಸೇರೋ ಮಕ್ಕಳ ತಂದೆ ತಾಯಂದಿರ ಸಭೆ ಇಟ್ಕೊಂಡಿದೀವಿ. ಬಂದು ನಾಲ್ಕು ಒಳ್ಳೆ ಮಾತು ಹೇಳಿ ಹೋಗಮ್ಮ."

"ಆಗ್ಲಿ ಸಾರ್, ಬರ್ತೀನಿ."

ಅಪ್ಪನ ನಗು ಈಗ ಇಳಿಯಿತು. "ದೊಡ್ಡೋರನ್ನ ಯಾಕೆ ಎದುರು ಹಾಕ್ಕೋತೀಯಾ? ಕೆಲಸಕ್ಕೆ ಕುತ್ತು ತಂದ್ಕೋಬೇಡ ಕಣೇ."

"ಮುಖ ನಂದಪ್ಪ. ಅದರ ಕೆಳಗೆ ಏನಿರಬೇಕು ಅಂತ ನಾನೇ ಹೇಳ್ತೀನಿ."

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಕಾರ್ಯದರ್ಶಿ ಅವಳನ್ನು "ನಮ್ಮ ಕಾಲೇಜಿನ ಹೆಮ್ಮೆ" ಎಂದು ಕರೆದು ಮೈಕು ಕೊಟ್ಟರು. ಚೂಟಿ ಪೀಠಿಕೆ ಹಾಕಲಿಲ್ಲ. ತನ್ನ ಸಂಬಳ ಇಷ್ಟು, ಸಾಲದ ಕಂತು ಇಷ್ಟು, ತಿಂಗಳ ಕೊನೆಗೆ ಉಳಿಯುವುದು ಇಷ್ಟು ಎಂದು ಬಿಡಿಸಿ ಹೇಳಿದಳು.

"ಇನ್ನೂ ಏಳು ವರ್ಷ ಕಟ್ಟಬೇಕು. ನನ್ನ ಜೊತೆ ಓದಿದೋರಲ್ಲಿ ನಂದೇ ಒಳ್ಳೆ ಸಂಬಳ."

ಮೈಕು ಗಪ್ಪಾಯಿತು. ಕಾರ್ಯದರ್ಶಿ ಕರೆಂಟು ಹೋಯಿತೆಂದು ಕೈಸನ್ನೆ ಮಾಡಿ ಪೆಚ್ಚುನಗೆ ನಕ್ಕರು; ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಚೂಟಿ ಮೈಕನ್ನು ಮೇಜಿನ ಮೇಲಿಟ್ಟಳು. ರಕ್ತದ ಕೊಳವೆಗಳನ್ನು ಗಿರಗಿರ ತಿರುಗಿಸುವ ಯಂತ್ರದ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅವಳದು.

ಮುಂದಿನ ಸಾಲಿನಲ್ಲಿ ಮಗಳ ಕೈ ಹಿಡಿದು ಕೂತಿದ್ದ ಹೆಂಗಸೊಬ್ಬಳು ಎದ್ದಳು. "ಹಾಗಾದ್ರೆ ಓದಿಸ್ಲೇಬೇಡಿ ಅಂತೀಯೇನಮ್ಮ?"

"ಹಾಗಂದ್ರೆ ನನ್ನ ನಾಲಿಗೆ ಸೇದಿಹೋಗ್ಲಿ, ಅಕ್ಕ! ಮೊನ್ನೆ ಜ್ವರದಲ್ಲಿ ಬೇಯ್ತಿದ್ದ ಒಂದು ಮಗುವಿನ ರಕ್ತದಲ್ಲಿ ಮಲೇರಿಯಾ ಕಂಡೋಳು ನಾನು. ಆವತ್ತೇ ಔಷಧಿ ಶುರುವಾಯ್ತು, ಮಗು ಉಳೀತು. ಈ ಕೆಲಸ ನಂಗೆ ಪ್ರಾಣ. ಓದ್ಸಿ. ಆದ್ರೆ ಹೋದ ವರ್ಷ ಓದಿ ಮುಗಿಸಿದೋರಿಗೆ ಎಷ್ಟು ಸಂಬಳ ಸಿಕ್ಕಿದೆ ಅಂತ ಮೊದಲು ಇವರ ಹತ್ರ ಕೇಳಿ. ಕಂತು ಕಟ್ಟಿ ಹೊಟ್ಟೆಗೂ ಉಳಿಯುತ್ತಾ ನೋಡಿ. ಉಳಿಯಲ್ಲ ಅಂದ್ರೆ ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕಿ. ಒಂದು ವರ್ಷ ತಡ ಆದ್ರೆ ಆಗ್ಲಿ."

ಆ ಹೆಂಗಸು ಕೂರಲಿಲ್ಲ. ಕಾರ್ಯದರ್ಶಿಯ ಕಡೆ ತಿರುಗಿ, "ಹೇಳಿ ಸಾರ್, ಎಷ್ಟು ಸಿಕ್ಕಿದೆ?" ಎಂದಳು. ಹಿಂದಿನಿಂದಲೂ ದನಿಗಳು ಎದ್ದವು. ಕಾರ್ಯದರ್ಶಿ ನೀರು ಕುಡಿದರು.

ಸೋಮವಾರ ಬೋರ್ಡು ಇಳಿಯಿತು. ಅದರ ಹಿಂದೆಯೇ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ತಮ್ಮ ಕೋಣೆಗೆ ಕರೆಸಿಕೊಂಡರು.

"ನಮ್ಮಲ್ಲಿ ಕೊಡೋ ಸಂಬಳಾನ ಊರಿಗೆಲ್ಲ ಸಾರಿದ್ಯಂತೆ? ನಾಚಿಕೆ ಆಗ್ಲಿಲ್ವಾ?"

"ನಾಚಿಕೆ ಪಡೋಂಥ ಸಂಬಳ ಆದ್ರೆ ಕೊಡೋರು ಪಡ್ಬೇಕು ಮೇಡಂ," ಎಂದಳು ಚೂಟಿ.

ಆಗ ಬಾಗಿಲು ತೆರೆಯಿತು. ಲ್ಯಾಬಿನ ಹಿರಿಯ ತಂತ್ರಜ್ಞ ನಿಂತಿದ್ದರು. ಎಲ್ಲರೂ 'ದೊಡ್ಡಣ್ಣ' ಅನ್ನುತ್ತಿದ್ದ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಆಸಾಮಿ. ಅವರ ಬೆನ್ನ ಹಿಂದೆ ಲ್ಯಾಬಿನ ಉಳಿದ ಇಬ್ಬರು ತಂತ್ರಜ್ಞರು.

"ಮೇಡಂ, ನನ್ನ ಓದಿನ ಸಾಲ ತೀರಿದ್ದು ಈ ವರ್ಷ," ಎಂದರು ದೊಡ್ಡಣ್ಣ. "ಈ ವರ್ಷವೇ ನನ್ನ ಮಗಳು ಕಾಲೇಜಿಗೆ ಸೇರ್ತಾಳೆ. ಇನ್ನೊಂದು ಸಾಲ. ಈ ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿದ್ರೆ ತೋರಿಸಿ. ಇಲ್ಲಾಂದ್ರೆ ಸಂಬಳದ ಮಾತಾಡೋಣ, ನಾಲ್ಕೂ ಜನ ಕೂತು."

ಡಾಕ್ಟರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾಲ್ವರೂ ಹೊರಗೆ ನಡೆದರೆ, ರಕ್ತ ಪರೀಕ್ಷೆಯಿಲ್ಲದೆ ಮೇಲಿನ ಮಹಡಿಯಲ್ಲಿ ಒಂದು ಆಪರೇಷನ್ನೂ ನಡೆಯದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕೂತ್ಕೊಳ್ಳಿ," ಎಂದರು ಕೊನೆಗೆ.

ಕೋಣೆಯಲ್ಲಿದ್ದದ್ದು ಎರಡೇ ಕುರ್ಚಿ. ಚೂಟಿ ಒಂದನ್ನು ದೊಡ್ಡಣ್ಣನ ಕಡೆ ಎಳೆದಳು.

ಕೇಳಿದಷ್ಟು ಸಿಗಲಿಲ್ಲ. ರಾತ್ರಿ ಪಾಳಿಗೆ ಭತ್ಯೆ ಬಂತು, ಸಂಬಳ ತುಸು ಏರಿತು. ಚೂಟಿಯ ಹೆಸರು ಮಾತ್ರ ಬಡ್ತಿಯ ಪಟ್ಟಿಯಿಂದ ಮೆಲ್ಲಗೆ ಜಾರಿತು.

"ಇದು ಬೇಕಿತ್ತಾ ನಿಂಗೆ?" ಎಂದರು ಅಪ್ಪ.

"ಬೇಕಿತ್ತು," ಎಂದು ಚೂಟಿ ಕೆಲಸಕ್ಕೆ ಹೊರಟಳು. "ಮುಂದಿನ ವರ್ಷ ಬಡ್ತೀನೂ ಕೇಳ್ತೀನಿ."