ಕೆಸರು ಮೆತ್ತಿದ ಬೀರು

ನೆಂಚಿನಿಯ ಹಳೇ ಸಾಮಾನಿನ ಅಂಗಡಿಗೆ ಕಾಲಿಟ್ಟ ಕೂಡಲೇ ಕಲ್ಲುಚಿತ್ರದ ಮೇಸ್ತ್ರಿ ಉಬಾಲ್ದೊ ಎರಡು ಹೆಜ್ಜೆ ಹಿಂದೆ ಸರಿದ. ಚರಂಡಿ, ಸೀಮೆಎಣ್ಣೆ, ಸತ್ತ ಇಲಿ, ಎಲ್ಲ ಸೇರಿ ಕೊಳೆತಂಥ ನಾತ. ಪ್ರವಾಹ ಬಂದುಹೋಗಿ ಏಳು ತಿಂಗಳಾಗಿತ್ತು. ಫ್ಲಾರೆನ್ಸಿನ ಗೋಡೆಗಳೆಲ್ಲ ಒಣಗಿ, ಹೊರಗೆ ಜೂನ್ ತಿಂಗಳ ಬಿಸಿಲು ಚುರುಗುಡುತ್ತಿತ್ತು. ಇನ್ನೂ ಎಲ್ಲಿಯ ದರಿದ್ರ ಇದು ಎಂದು ಮೂಗು ಮುಚ್ಚಿಕೊಂಡು ನೋಡಿದರೆ, ನಾರುತ್ತಿದ್ದುದು ಅವನು ತಾನೇ ಮಾಡಿದ ಬೀರು.

ಕಲ್ಲಿನ ಚೂರು ಜೋಡಿಸಿದ ಹನ್ನೊಂದು ಚಿತ್ರಗಳನ್ನು ಕೂರಿಸಿದ ಕರಿಮರದ ಬೀರು, ಮೂರು ವರ್ಷದ ಕೆಲಸ. ಬಳಿದ ಬಣ್ಣ ಎನ್ನುವುದು ಒಂದು ಚುಕ್ಕೆಯೂ ಇಲ್ಲ. ಹಕ್ಕಿಯ ರೆಕ್ಕೆಯಾಗಲಿ ಎಲೆಯ ನೆರಳಾಗಲಿ, ಬೇಕಾದ ಛಾಯೆಯನ್ನು ಕಲ್ಲಿನೊಳಗೇ ಹುಡುಕಿ, ತಂತಿಯಿಂದ ಕೊಯ್ದು, ಕೂದಲೆಳೆ ತೂರದಂತೆ ಜೋಡಿಸಿದ್ದು. ನಡುವಿನ ದಾಳಿಂಬೆಯ ಸಿಪ್ಪೆಗೆ ಒಪ್ಪುವ ಕೆಂಪು ಸಿಗಲು ಇಡೀ ಒಂದು ಚಳಿಗಾಲ ಕಲ್ಲು ಒಡೆದಿದ್ದ. ನವೆಂಬರಿನ ಆ ಬೆಳಿಗ್ಗೆ ಆರ್ನೋ ನದಿ ಬೀದಿಗೆ ನುಗ್ಗಿದಾಗ ಹೆಂಡತಿ ಜೆಲಿಂದಾ ಇನ್ನೂ ಬೀರುವಿಗೆ ಕೂರಿಸದಿದ್ದ ಅಷ್ಟೂ ಚಿತ್ರಗಳನ್ನು ಒಂದೊಂದಾಗಿ ಎದೆಗವಚಿಕೊಂಡು ಮಹಡಿಗೆ ಸಾಗಿಸಿದ್ದಳು. ಆಮೇಲೆ ಎರಡು ವಾರ ಕೆಲಸದ ಕೋಣೆಯ ಕೆಸರು ಬಾಚಿದಳು. ಜ್ವರ ಹಿಡಿಯಿತು, ಇಳಿಯಲೇ ಇಲ್ಲ. ಅವಳು ಸತ್ತ ದಿನವೂ ಉಗುರಿನ ಸಂದಿಯಲ್ಲಿ ಕೆಸರಿತ್ತು.

ನಲವತ್ತು ವರ್ಷ ಎಂದೋ ಸತ್ತ ಕಸುಬುದಾರರ ಕೆಲಸಕ್ಕೆ ತೇಪೆ ಹಾಕಿಯೇ ಸವೆದವನು ಉಬಾಲ್ದೊ. ಇದೊಂದು ಬೀರು ಮಾತ್ರ ತನ್ನ ಹೆಸರಿನಲ್ಲೇ ಹೊರಗೆ ಹೋಗಬೇಕೆಂದು ಹಟ ಹಿಡಿದಿದ್ದ. ಅದನ್ನು ಎರಡೆರಡು ಸಲ ಹೇಳಿಯೇ ಮಾರಲು ನೆಂಚಿನಿಯ ಕೈಗೆ ಒಪ್ಪಿಸಿದ್ದ. ಈಗ ನೋಡಿದರೆ ಹಕ್ಕಿ, ಎಲೆ, ದಾಳಿಂಬೆ ಯಾವುದೂ ಕಾಣದ ಹಾಗೆ ಬೆರಳು ದಪ್ಪದ ಕೆಸರು.

ನೆಂಚಿನಿಗೆ ನಾಚಿಕೆ ಎನ್ನುವುದು ಹತ್ತಿರವೂ ಸುಳಿದಿರಲಿಲ್ಲ. ಪ್ರವಾಹದ ಕೆಸರನ್ನು ಆ ಪುಣ್ಯಾತ್ಮ ನೆಲಮಾಳಿಗೆಯಲ್ಲಿ ಪೀಪಾಯಿಗೆ ತುಂಬಿಸಿ, ಆಗಾಗ ನೀರು ಚಿಮುಕಿಸಿ, ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿದ್ದನಂತೆ.

"ನಿನ್ ಹೆಸ್ರು ಕೇಳ್ಕೊಂಡು ಯಾರು ಬರ್ತಾರೆ ಮೇಸ್ತ್ರಿ? ಪ್ರವಾಹದಲ್ಲಿ ಉಳ್ಕೊಂಡ ಮುನ್ನೂರು ವರ್ಷದ ಬೀರು ಅನ್ನು, ಅತ್ಕೊಂಡು ಬರ್ತಾರೆ."

"ಥೂ, ನಿನ್ನ. ಇದೇ ಕೆಸರು ಕಣಯ್ಯಾ ನನ್ ಹೆಂಡ್ತೀನ ತಿಂದಿದ್ದು."

ನೆಂಚಿನಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಪಾಪ, ಗಿರಾಕಿಗೆ ಅದನ್ನೂ ಹೇಳೋಣ, ಇನ್ನೂ ಚೆನ್ನಾಗಿರುತ್ತದೆ ಎಂದ. ಉಬಾಲ್ದೊನಿಗೆ ಅವನ ಮುಖ ನೋಡುವುದೂ ಹೇಸಿಗೆಯೆನಿಸಿತು.

ಅಷ್ಟರಲ್ಲಿ ಗಿರಾಕಿಯೇ ಬಂದಳು, ಮಿಲಾನಿನ ಒತ್ತಾವಿಯಾ ಎಂಬ ಶ್ರೀಮಂತೆ. ಬೀರು ಕಂಡದ್ದೇ ಎದೆಯ ಮೇಲೆ ಕೈಯಿಟ್ಟು ಕಣ್ಣು ತುಂಬಿಕೊಂಡಳು. ತನ್ನ ನಾದಿನಿ ಪ್ರವಾಹದ ಗುರುತಿರುವ ಒಂದು ಕನ್ನಡಿ ಕೊಂಡು ಹಜಾರದಲ್ಲಿಟ್ಟಿದ್ದಾಳೆ, ಬಂದವರೆಲ್ಲ ಅದನ್ನೇ ನೋಡುತ್ತಾರೆ ಎಂದಳು. ಉಬಾಲ್ದೊನಿಗೆ ತಡೆಯಲಾಗಲಿಲ್ಲ. ಕರವಸ್ತ್ರ ತೆಗೆದು ನಡುವಿನ ಚಿತ್ರವನ್ನು ಉಜ್ಜತೊಡಗಿದ. ಕೆಸರಿನ ಅಡಿಯಿಂದ ದಾಳಿಂಬೆಯ ಕೆಂಪು ಹೊರಬಂತು.

"ಅಮ್ಮಾ, ಇದು ಹಳೇದಲ್ಲ. ನಾನು ಮಾಡಿದ್ದು. ಇವನು ಕೆಸರು ಮೆತ್ತಿ ನಿಮಗೆ ಟೋಪಿ ಹಾಕ್ತಿದಾನೆ."

ನೆಂಚಿನಿಯ ಮುಖ ಬಿಳಿಚಿಕೊಂಡಿತು. ಒತ್ತಾವಿಯಾ ದಾಳಿಂಬೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆಸರನ್ನು ಉಗುರಿನಿಂದ ಕೆರೆದು ಮೂಸಿದಳು.

"ಕೆಸರು ಮಾತ್ರ ಪ್ರವಾಹದ್ದೇ ತಾನೆ?"

ಸುಳ್ಳಾಡಿ ಅಭ್ಯಾಸವಿಲ್ಲದ ಉಬಾಲ್ದೊ ಹೌದೆಂದ.

"ಹಾಗಿದ್ರೆ ಒರೆಸ್ಬೇಡಿ," ಎಂದು ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. "ಆ ಹಣ್ಣಿನ ಮೇಲೂ ಇನ್ನೊಂದ್ ಸ್ವಲ್ಪ ಹಚ್ಚಿಬಿಡಿ. ಅದೊಂದೇ ಅಸಹ್ಯವಾಗಿ ಕಾಣ್ತಿದೆ."