ಒತ್ತಿದರೆ ತೆರೆಯುವ ಲಗ್ನಪತ್ರಿಕೆ

ನನ್ನ ತಮ್ಮ ಪುಟ್ಟರಾಜುವಿಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಕ್ಕನ ಮಗಳ ಮದುವೆ ವಾರದೊಳಗೆ ಇರುವಾಗ "ನಾನು ಬರಲ್ಲ, ಯಾರನ್ನಾದ್ರೂ ಕರ್ಕೊಳ್ಳಿ" ಅಂತ ಫೋನ್ ಇಡುವುದೆಂದರೆ ಏನರ್ಥ?

ಹಾಸನದ ಕಡೆಯಿಂದ ಬಂದ ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಇರುವ ಒಬ್ಬನೇ ಸೋದರಮಾವ ಮುನಿಸಿಕೊಂಡು ಹೆಬ್ಬಾಲೆಯಲ್ಲಿ ಕೂತರೆ ನನ್ನ ದಿವ್ಯಶ್ರೀ ಯಾರ ಕೈ ಹಿಡಿದು ಬರಬೇಕು? ಮಗಳನ್ನು ಎಬ್ಬಿಸಿಕೊಂಡು ಕುಶಾಲನಗರದಲ್ಲಿ ಬಸ್ಸು ಹತ್ತಿದೆ.

ನಮ್ಮನ್ನು ಕಂಡವನೇ, ಬನ್ನಿ ಅನ್ನುವ ಮೊದಲು ಒಂದು ಹಾಳೆ ಮುಂದೆ ಹಿಡಿದ. ದಿವ್ಯ ಇಂಟರ್ನೆಟ್ಟಿನಲ್ಲಿ ಮಾಡಿದ್ದ ಲಗ್ನಪತ್ರಿಕೆ! ತನ್ನ ಬಟನ್ ಫೋನಿನಲ್ಲಿ ತೆರೆಯದೆಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡಿದ್ದ, ಪುಣ್ಯಾತ್ಮ.

"ನೋಡಕ್ಕ, ಗಂಡಿನ ಅಜ್ಜಿ ಹೆಸ್ರು ಐತೆ, ಛತ್ರದ ಹೆಸ್ರು ಐತೆ. ನಂದೆಲ್ಲಿ? 'ಹಸೆಮಣೆಗೆ ಕರೆತರುವವರು' ಅಂತ ಬರ್ದು ಕೆಳಗೊಂದು ಗೆರೆ. ಯಾರದು? ದಾರೀಲಿ ಹೋಗೋನಾ?"

ದಿವ್ಯ ಕಿಸಕ್ಕನೆ ನಕ್ಕಳು. ನಾನು ಅವಳತ್ತ ಕಣ್ಣು ಬಿಟ್ಟೆ.

"ಅಯ್ಯೋ ಮಾವ, ಇದು ಹೈಪರ್‌ಟೆಕ್ಸ್ಟ್. ಗೆರೆ ಇರೋ ಮಾತನ್ನ ಫೋನಲ್ಲಿ ಒತ್ತಿದ್ರೆ ಅದಕ್ಕೆ ಸೇರಿದ ಇನ್ನೊಂದು ಪುಟ ತೆರ್ಕೊಳ್ಳುತ್ತೆ. ಹಾಳೆ ಮೇಲೆ ಬರೀ ಗೆರೆ ಉಳೀತು. ತಗೊ, ಒತ್ತು."

ಪುಟ್ಟರಾಜು ಅನುಮಾನದಿಂದಲೇ ಅವಳ ಫೋನಿನ ಮೇಲೆ ಹೆಬ್ಬೆರಳು ಊರಿದ. ಪರದೆ ತುಂಬ ಅವನೇ! ಹೆಗಲ ಮೇಲೆ ಪುಟಾಣಿ ದಿವ್ಯ. ಕೆಳಗೆ ಅವಳ ಬರಹ: "ನನ್ನ ಮಾವ ಪುಟ್ಟರಾಜು. ಹೊಳೆಯಲ್ಲಿ ಈಜು ಕಲಿಸಿದವರು. ಸೈಕಲ್ಲಿನಿಂದ ಬೀಳಿಸಿದವರೂ ಇವರೇ."

ಸೈಕಲ್ಲು ಅನ್ನುವ ಮಾತಿನ ಕೆಳಗೂ ಗೆರೆ ಇತ್ತು. ಈಗ ಯಾರೂ ಹೇಳಿಕೊಡಬೇಕಾಗಲಿಲ್ಲ, ತಾನೇ ಒತ್ತಿದ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಾಯಿ ತೆರೆದು ಅಳುವ ಹುಡುಗಿ ಬಂದಳು.

"ಥೂ, ಇದನ್ನೂ ಊರಿಗೆಲ್ಲ ತೋರಿಸ್ಬಿಟ್ಟಿದ್ದೀಯಾ!" ಎಂದು ಗಹಗಹಿಸಿ ನಕ್ಕ. ನನ್ನ ಎದೆಯ ಭಾರ ಇಳಿಯಿತು.

"ಈಗಾದ್ರೂ ಬರ್ತೀಯೇನೋ, ಮಹಾರಾಯ?"

ಅವನು ಫೋನಿನಿಂದ ಕಣ್ಣು ತೆಗೆಯಲಿಲ್ಲ. ನಗು ಎಲ್ಲೋ ನಿಂತುಹೋಗಿತ್ತು.

"ಕರ್ಕೊಂಡು ಬರ್ತೀನಕ್ಕ. ಹಸೆಮಣೆ ಮೇಲೆ ಕೂರುಸ್ತೀನಿ. ಆಮೇಲೆ ಇವಳ ಕೈ ಬಿಟ್ಟು ವಾಪಸ್ ಬರೋದು ಹೆಂಗೆ, ಅದನ್ನ ಹೇಳು."

ದಿವ್ಯ ಹೋಗಿ ಅವನಿಗೆ ಒತ್ತಿಕೊಂಡು ಕೂತಳು.

"ಬಿಡು ಅಂತ ಹೇಳ್ದೋರ್ಯಾರು, ಮಾವ?"